ನೆನೆಯಬೇಕಾದ ತಾರೀಖುಗಳು ಮಳೆಯಲ್ಲಿ ನೆನೆದಿವೆ: ನಮ್ಮ ವಾಚನಾಲಯದ ಸೂರಿಗಾಗಿ ಮನವಿ

ದುರ್ಗದ ಬಂಧುಗಳೇ, ವಾಚನಾಲಯದ ಹಳೆಯ ಓದುಗರೇ, ಊರು ಬಿಟ್ಟು ಬೆಂಗಳೂರು, ದಾವಣಗೆರೆ ಸೇರಿಕೊಂಡಿರುವ ನಮ್ಮ ಹುಡುಗರೇ, ಎಲ್ಲರಿಗೂ ನಮಸ್ಕಾರ.

ಇವತ್ತು ಅಕ್ಟೋಬರ್ 1. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಬೆಳಿಗ್ಗೆ ಬರೆದದ್ದು ಇಷ್ಟು: "1953. ಬಳ್ಳಾರಿ ನಮ್ಮ ಮೈಸೂರು ರಾಜ್ಯಕ್ಕೆ ಸೇರಿದ ದಿನ." ಬರೆದು ಅರ್ಧ ಗಂಟೆ ಆಗಿರಲಿಲ್ಲ, ಮಳೆ ಬಂದು ಸೀಮೆಸುಣ್ಣ ತೊಳೆದುಕೊಂಡು ಹೋಯಿತು. ಹಲಗೆ ಹೊರಗಡೆ ಇದೆ, ಅದು ನೆನೆಯುವುದು ಹೊಸದಲ್ಲ. ಒಳಗಡೆ ಮಳೆ ಬರುತ್ತಿರುವುದು ಹೊಸದು.

ಹೋದ ವಾರ ಉತ್ತರೆ ಮಳೆಗೆ ಹಿಂದಿನ ಕೋಣೆಯ ಸೂರು ಒಂದು ಮೂಲೆಯಲ್ಲಿ ಕುಸಿಯಿತು. ರಾತ್ರಿ ಆದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಹಗಲು ಅದೇ ಮೂಲೆಯಲ್ಲಿ ಆರೇಳು ಮಕ್ಕಳು ಕೂತು ಓದುತ್ತಾರೆ. ಅದನ್ನು ನೆನೆದರೆ ಈಗಲೂ ಎದೆ ಝಲ್ ಎನ್ನುತ್ತದೆ. ಜಂತೆಗೆ ಗೆದ್ದಲು ಹಿಡಿದಿತ್ತು. ಮೂರು ವರ್ಷದ ಹಿಂದೆ ರಿಪೇರಿಗೆ ಬಂದ ಕಂಟ್ರಾಕ್ಟರ್ ಒಡೆದ ಹೆಂಚಿನ ಮೇಲೆ ಸಿಮೆಂಟ್ ಮೆತ್ತಿ ದುಡ್ಡು ತಗೊಂಡು ಹೋಗಿದ್ದ. ನಾವೂ ಅವತ್ತೇ ಏಣಿ ಹಾಕಿ ಹತ್ತಿ ನೋಡಬೇಕಿತ್ತು, ನೋಡಲಿಲ್ಲ. ಟ್ರಸ್ಟಿಗಳೆಲ್ಲ ಅರವತ್ತು ದಾಟಿದವರು ಅನ್ನುವುದು ನೆಪವೇ, ಒಪ್ಪಿಕೊಳ್ಳುತ್ತೇವೆ.

ನೀರು ಇಳಿದದ್ದು ನೇರವಾಗಿ ತಾರೀಖಿನ ಪೆಟ್ಟಿಗೆಯ ಮೇಲೆ.

ಆ ಪೆಟ್ಟಿಗೆ ನಿಮಗೆ ಗೊತ್ತು. ಮೇಷ್ಟ್ರು ಯಾರು ಅಂತಲೂ ಹೇಳಬೇಕಿಲ್ಲ. ತಿಂಗಳಿಗೊಂದರಂತೆ 12 ಡ್ರಾಯರ್, ಒಳಗೆ ದಿನಕ್ಕೊಂದು ಕಟ್ಟು. ಫೆಬ್ರವರಿ 29ಕ್ಕೂ ಒಂದು ಕಟ್ಟಿದೆ, ಪಾಪ, ಅದರಲ್ಲಿ ಎರಡೇ ಚೀಟಿ. ಹಳೆ ಮದುವೆ ಕಾಗದಗಳ ಹಿಂಬದಿಯನ್ನು ಒಂದೇ ಅಳತೆಗೆ ಕತ್ತರಿಸಿ, ನೀಲಿ ಶಾಯಿಯಲ್ಲಿ ಮೇಷ್ಟ್ರು ಬರೆದ ಚೀಟಿಗಳು. ಈ ನಾಡಿನಲ್ಲಿ ಆ ದಿನ ಏನಾಯಿತು, ಯಾವ ವರ್ಷ, ಎಲ್ಲಿಂದ ತಿಳಿಯಿತು. ಮೂರನೆಯದು ಇಲ್ಲದಿದ್ದರೆ ಚೀಟಿ ಒಳಗೆ ಹೋಗುವ ಹಾಗಿರಲಿಲ್ಲ. ಬದುಕಿರುವವರ ಹುಟ್ಟುಹಬ್ಬ ಹಲಗೆಯ ಮೇಲೆ ಬರೆಯುವಂತಿಲ್ಲ ಅನ್ನುವುದು ಇನ್ನೊಂದು ನಿಯಮ. ಈ ನಿಯಮದಿಂದ ನಮಗೆ ಬರಬೇಕಾದ ಒಂದೆರಡು ದೊಡ್ಡ ದೇಣಿಗೆ ತಪ್ಪಿಹೋಗಿವೆ. ಇರಲಿ.

ಕುಸಿದ ಮೂಲೆಯ ಕೆಳಗೇ ಇದ್ದದ್ದು ಆಗಸ್ಟ್ ಡ್ರಾಯರ್. ಅದರಲ್ಲಿ ಆಗಸ್ಟ್ 8ರ ಚೀಟಿ ಇತ್ತು: 2000ನೇ ಇಸವಿ, ನಿಜಲಿಂಗಪ್ಪನವರು ತೀರಿಕೊಂಡ ದಿನ. ಆಗಸ್ಟ್ 15ರ ಕಟ್ಟಿನಲ್ಲಿ ಸ್ವಾತಂತ್ರ್ಯದ ಚೀಟಿಯ ಹಿಂದೆಯೇ 1997ರದ್ದೂ ಇತ್ತು. ಅವತ್ತು ದಾವಣಗೆರೆ, ಹರಿಹರ, ಜಗಳೂರು ನಮ್ಮ ಜಿಲ್ಲೆಯಿಂದ ಬೇರೆಯಾಗಿ, ಶಿವಮೊಗ್ಗದ ಚನ್ನಗಿರಿ, ಹೊನ್ನಾಳಿ ಮತ್ತು ಬಳ್ಳಾರಿಯ ಹರಪನಹಳ್ಳಿ ಜೊತೆ ಸೇರಿ ಹೊಸ ಜಿಲ್ಲೆಯಾದವು. ಜೆ.ಎಚ್. ಪಟೇಲರು ಆಗ ಮುಖ್ಯಮಂತ್ರಿ. ಆ ಚೀಟಿಯ ಅಂಚಿನಲ್ಲಿ ಮೇಷ್ಟ್ರು "ಬೆಣ್ಣೆ ದೋಸೆ ಈಗ ಪರ ಜಿಲ್ಲೆಯದು" ಅಂತ ಬರೆದಿದ್ದರು. ಈಗ ಬರೀ ನೀಲಿ ಕಲೆ ಇದೆ.

ಒದ್ದೆ ಚೀಟಿಗಳನ್ನು ನೆಲದ ಮೇಲೆ ಹಳೆ ಪೇಪರ್ ಹಾಸಿ, ಫ್ಯಾನ್ ಹಚ್ಚಿ ಹರಡಿದೆವು. ಹಾಸ್ಟೆಲ್ ಹುಡುಗರು ರಾತ್ರಿ ಹನ್ನೊಂದರವರೆಗೆ ಕೂತು ಒಂದೊಂದಾಗಿ ಬಿಡಿಸಿದರು. ಒಬ್ಬ ಬುದ್ಧಿವಂತ ಮನೆಯಿಂದ ಇಸ್ತ್ರಿ ಪೆಟ್ಟಿಗೆ ತಂದ. ಸುಟ್ಟುಹೋದದ್ದು ಒಂದೇ ಚೀಟಿ, ಆಗಸ್ಟ್ 5ರದ್ದು. 1905ರಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಬೀದಿ ದೀಪ ಹತ್ತಿದ ದಿನ. ಕರೆಂಟಿನ ಚೀಟಿಯನ್ನು ಕರೆಂಟೇ ಸುಟ್ಟಿತಲ್ಲ ಅಂತ ಅಷ್ಟು ಬೇಜಾರಿನಲ್ಲೂ ಎಲ್ಲರೂ ನಕ್ಕೆವು. ಹುಡುಗ ಮಾತ್ರ ಅಳುವ ಹಾಗಿದ್ದ. ಮಾರನೇ ದಿನ ತಾನೇ ಹೊಸ ಚೀಟಿ ಬರೆದು ತಂದ.

ಡಿಸೆಂಬರ್ ಡ್ರಾಯರ್ ಉಳಿದಿದೆ. ಅದರಲ್ಲೊಂದು ಚೀಟಿಯ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಡಿಸೆಂಬರ್ 10, 1902: ನಿಜಲಿಂಗಪ್ಪನವರು ಹಲುವಾಗಲಿನಲ್ಲಿ ಹುಟ್ಟಿದ ದಿನ. ಮೇಷ್ಟ್ರು ಮೊದಲು "ಬಳ್ಳಾರಿ ಜಿಲ್ಲೆ" ಅಂತ ಬರೆದಿದ್ದರು. ನಿಜಲಿಂಗಪ್ಪನವರು ಹುಟ್ಟಿದಾಗ ಆ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರಿಗೆ ಬಂದದ್ದು ಇವತ್ತಿನ ತಾರೀಖಿಗೆ, 1953ರಲ್ಲಿ. 1997ರಲ್ಲಿ ಹಲುವಾಗಲು ಇರುವ ಹರಪನಹಳ್ಳಿ ತಾಲ್ಲೂಕು ದಾವಣಗೆರೆಗೆ ಹೋಯಿತು, ಬಳ್ಳಾರಿ ಅಂತ ಇದ್ದದ್ದನ್ನು ಹೊಡೆದು ದಾವಣಗೆರೆ ಅಂತ ಬರೆದರು. ಆಮೇಲೆ ತಾಲ್ಲೂಕು ಮತ್ತೆ ಬಳ್ಳಾರಿಗೆ ಬಂತು, ಇನ್ನೊಂದು ಗೀಟು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಮೂರನೇ ಗೀಟು ಎಳೆದದ್ದು ನಾವು. ಊರು ಅಲ್ಲೇ ಇದೆ, ಒಂದು ಗೇಣೂ ಅಲುಗಿಲ್ಲ. ಸೀಬಾರದಲ್ಲಿರುವ ನಿಜಲಿಂಗಪ್ಪನವರ ಸ್ಮಾರಕ ನೋಡಿಕೊಂಡು ಬರುವ ಶಾಲಾ ಮಕ್ಕಳಿಗೆ ಈ ಚೀಟಿ ತೋರಿಸಿದರೆ ಒಂದು ತರಗತಿಯ ಪಾಠ ಅಲ್ಲೇ ಮುಗಿಯುತ್ತದೆ.

ಇನ್ನೊಂದು ಚೀಟಿ ಮಾರಿಕಣಿವೆಯದ್ದು. 1907ಕ್ಕೆ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿತ್ತು. ಅದರ ಕೆಳಗೆ ಮೇಷ್ಟ್ರು ಪೆನ್ಸಿಲಿನಲ್ಲಿ "ಮತ್ತೆ ಯಾವಾಗ?" ಅಂತ ಬರೆದು ಜಾಗ ಬಿಟ್ಟಿದ್ದರು. ಆ ಜಾಗ ಖಾಲಿಯೇ ಇತ್ತು. ಹಿರಿಯೂರು ಕಡೆಯ ರೈತರು ಬಂದಾಗಲೆಲ್ಲ ಅದನ್ನು ನೋಡಿ ನಿಟ್ಟುಸಿರು ಬಿಡೋರು. 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ಮೇಲೆ, 130 ಅಡಿ ತುಂಬಿ ಮತ್ತೆ ಕೋಡಿ ಬಿತ್ತು. ಅವತ್ತು ಚೀಟಿ ತುಂಬಲು ಮೇಷ್ಟ್ರು ಇರಲಿಲ್ಲ. ನಮ್ಮ ಪೈಕಿ ಯಾರು ಬರೆಯಬೇಕು ಅಂತ ಸ್ವಲ್ಪ ಜಗಳವೇ ಆಯಿತು. 2025ರ ಜನವರಿಯಲ್ಲಿ ಇನ್ನೊಮ್ಮೆ ಬಿದ್ದಾಗ ಯಾರೂ ಜಗಳ ಆಡಲಿಲ್ಲ, ಜಾಗ ಸಾಲದೆ ಹೊಸ ಚೀಟಿ ಅಂಟಿಸಿದೆವು.

"ದಿನ ಇಲ್ಲದ್ದು" ಅಂತ ಒಂದು ಡಬ್ಬಿ ಬೇರೆ ಇದೆ. ಬ್ರಹ್ಮಗಿರಿಯ ಅಶೋಕನ ಶಾಸನ, ಚಂದ್ರವಳ್ಳಿಯ ಮಯೂರಶರ್ಮನ ಶಾಸನ, ಇವಕ್ಕೆಲ್ಲ ತಾರೀಖು ಎಲ್ಲಿಂದ ತರೋದು? ನಮ್ಮ ಓಬವ್ವನೂ ಬಹಳ ಕಾಲ ಆ ಡಬ್ಬಿಯಲ್ಲೇ ಇದ್ದಳು. ಸರ್ಕಾರ ನವೆಂಬರ್ 11ನ್ನು ಅವಳ ಜಯಂತಿ ಅಂತ ಗೊತ್ತುಮಾಡಿ 2021ರಿಂದ ಆಚರಿಸುತ್ತಿರುವುದರಿಂದ ಅಲ್ಲಿಂದ ಎತ್ತಿ ನವೆಂಬರಿಗೆ ಹಾಕಿದ್ದೇವೆ. "ಸರ್ಕಾರ ಗೊತ್ತುಮಾಡಿದ ದಿನ" ಅಂತ ಪಕ್ಕದಲ್ಲಿ ಬರೆಯುವುದನ್ನು ಮರೆತಿಲ್ಲ.

ದೇಣಿಗೆ ಕೇಳಲು ಕೂತವರು ಕಥೆ ಹೇಳುತ್ತಿದ್ದೇವೆ, ಅಲ್ವಾ? ಏನು ಮಾಡೋದು, ಕೇಳುವುದಕ್ಕೆ ಸಂಕೋಚ. ಮೇಷ್ಟ್ರ ಕಾಲದಲ್ಲಿ ಕೇಳಿ ಅಭ್ಯಾಸವೇ ಇರಲಿಲ್ಲ. ಅವರೇ ಪಿಂಚಣಿಯಿಂದ ಹಾಕಿಬಿಡೋರು, ನಮಗೆ ತಿಳಿಯುತ್ತಲೂ ಇರಲಿಲ್ಲ.

ಕೇಳುತ್ತಿರುವುದು ಚೀಟಿಗಳಿಗಾಗಿ ಮಾತ್ರ ಅಲ್ಲ. ದಿನಕ್ಕೆ ನಲವತ್ತು ಐವತ್ತು ಮಕ್ಕಳು ಇಲ್ಲಿ ಓದಲು ಬರುತ್ತಾರೆ. ಪೊಲೀಸ್ ಕಾನ್‌ಸ್ಟೇಬಲ್, ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುವವರೇ ಜಾಸ್ತಿ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವ ಹೆಣ್ಣುಮಕ್ಕಳಿದ್ದಾರೆ. ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಕೋಚಿಂಗಿಗೆ ಸೇರುವ ಶಕ್ತಿ ಅವರ ಮನೆಯವರಿಗಿಲ್ಲ. ಮನೆಯಲ್ಲಿ ಕೂತರೆ ಓದಲು ಬಿಡುವುದಿಲ್ಲ, ಕೆಲಸ ಹೇಳುತ್ತಾರೆ. ರಾಜ್ಯ ಒಂದಾದದ್ದು 1956ರ ನವೆಂಬರ್ 1, ಅದಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರ ನವೆಂಬರ್ 1, ಇವೆರಡನ್ನೂ ಕಲಸಿಕೊಳ್ಳದೆ ಹೇಳುವ ಮಕ್ಕಳು ಬೇಕಾದರೆ ನಮ್ಮ ವಾಚನಾಲಯಕ್ಕೆ ಬನ್ನಿ. ಈಗ ಆ ಮಕ್ಕಳು ಮುಂದಿನ ಕೋಣೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕೂತಿದ್ದಾರೆ. ಜಾಗ ಸಿಗದವರು ಜಗಲಿಯಲ್ಲಿ. ಮಳೆ ಬಂದರೆ ಪುಸ್ತಕ ಸೆರಗಿನೊಳಗೆ, ವೇಲಿನೊಳಗೆ.

ಮೇಸ್ತ್ರಿ ಬಂದು ನೋಡಿದ್ದಾರೆ. ಹಿಂದಿನ ಕೋಣೆಯ ಹೆಂಚು ಪೂರ್ತಿ ಇಳಿಸಿ, ಜಂತೆ, ರೀಪರ್ ಬದಲಿಸಿ, ಹೊಸ ಹೆಂಚು ಹೊದಿಸಲು ಕೂಲಿ ಸೇರಿ ಮೂರೂವರೆ ಲಕ್ಷದ ಆಸುಪಾಸು ಆಗುತ್ತದಂತೆ. ತೊಲೆ ಗಟ್ಟಿಯಾಗಿದೆ ಅಂದರು, ಅದೊಂದು ಸಮಾಧಾನ. ಚೀಟಿಗಳಿಗೆ ಎರಡು ಕಬ್ಬಿಣದ ಬೀರು, ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಇಡುವುದು, ಇದಕ್ಕೆ ಇನ್ನೊಂದು ಐವತ್ತು ಸಾವಿರ. ನಮ್ಮಲ್ಲೇ ಕೂಡಿಸಿದ್ದು ಎಂಬತ್ತು ಸಾವಿರ ಚಿಲ್ಲರೆ. ಅದರಲ್ಲಿ ಓದುವ ಮಕ್ಕಳು ತಮ್ಮೊಳಗೆ ಹತ್ತು ಇಪ್ಪತ್ತು ರೂಪಾಯಿ ಎತ್ತಿ ಕೊಟ್ಟ 1,340 ರೂಪಾಯಿಯೂ ಸೇರಿದೆ. ಬೇಡ ಅಂದರೂ ಕೇಳಲಿಲ್ಲ.

ಹಸ್ತ ಮಳೆ ಶುರುವಾಗಿದೆ. ಚಿತ್ತೆ ಹಿಡಿಯುವ ಮೊದಲು ಸೂರು ಮುಚ್ಚದಿದ್ದರೆ ಗೋಡೆಯೂ ಉಳಿಯುವುದಿಲ್ಲ ಅಂತ ಮೇಸ್ತ್ರಿ ಹೇಳಿದ್ದಾರೆ. ಸದ್ಯ ಟಾರ್ಪಾಲು ಕಟ್ಟಿದ್ದೇವೆ, ಅದೂ ಪಕ್ಕದ ಅಂಗಡಿಯವರ ಸಾಲ. ನವೆಂಬರ್ 1ರ ಬೆಳಿಗ್ಗೆ ಹಿಂದಿನ ಕೋಣೆಯಲ್ಲಿ ಮಕ್ಕಳು ಕೂರಬೇಕು ಅನ್ನುವುದು ನಮ್ಮ ಆಸೆ.

ಐನೂರು ಕೊಟ್ಟರೂ ಸಂತೋಷ, ಐವತ್ತು ಹೆಂಚು ಕೊಡಿಸಿದರೂ ಸಂತೋಷ. ಮನೆ ಕೆಡವಿಸುತ್ತಿರುವವರಲ್ಲಿ ಗಟ್ಟಿಯಾದ ಹಳೆ ತೇಗದ ಜಂತೆ ಇದ್ದರೆ ದಯವಿಟ್ಟು ಮಾರುವ ಮುಂಚೆ ನಮಗೊಂದು ಮಾತು ಹೇಳಿ. ದೊಡ್ಡ ಕೊಡುಗೆ ಕೊಟ್ಟವರ ಹೆಸರನ್ನು ಗೋಡೆಯ ಮೇಲೆ ಕೆತ್ತಿಸುವ ಪದ್ಧತಿ ನಮ್ಮಲ್ಲಿಲ್ಲ. ಅದರ ಬದಲು ನಿಮ್ಮ ಹುಟ್ಟಿದ ದಿನವೋ, ನಿಮ್ಮ ತಾಯಿ ತಂದೆಯ ತಿಥಿಯ ದಿನವೋ ಯಾವುದಿದೆಯೋ, ಆ ತಾರೀಖಿನ ಕಟ್ಟನ್ನು ನಿಮ್ಮ ಕೈಯಿಂದಲೇ ಹೊಸ ಬೀರುವಿಗೆ ಇಡಿಸುತ್ತೇವೆ. ಅದರಲ್ಲಿ ಏನಿದೆ ಅಂತ ಓದಿಕೊಂಡು ಹೋಗಬಹುದು. ಜನವರಿ 26ರವರಿಗೆ 1831ರ ರಾಯಣ್ಣ ಸಿಗುತ್ತಾನೆ, ಅಕ್ಟೋಬರ್ 23ರವರಿಗೆ 1824ರ ಕಿತ್ತೂರು. ನಿಮ್ಮದರಲ್ಲಿ ಏನು ಬರುತ್ತದೋ ನೋಡಿ.

ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ನಮ್ಮಲ್ಲಿ ಯಾರಾದರೂ ಒಬ್ಬರು ಇದ್ದೇ ಇರುತ್ತೇವೆ. ರಸೀದಿ ಅಲ್ಲೇ ಬರೆದು ಕೊಡುತ್ತೇವೆ. ದೂರದವರು ಊರಿನಲ್ಲಿರುವ ಅಣ್ಣ ತಮ್ಮಂದಿರ ಕೈಲಿ ಕಳಿಸಿದರೂ ಸಾಕು. ಮೇಸ್ತ್ರಿಗೆ ಮುಂಗಡ ಕೊಡಬೇಕಾದದ್ದು ಇದೇ ಸೋಮವಾರ.

ಟ್ರಸ್ಟಿಗಳ ಪರವಾಗಿ,
ಕಾರ್ಯದರ್ಶಿ
ಚಿತ್ರದುರ್ಗ