ಅಜ್ಜ ಬಿಟ್ಟ ಗಂಜಿ

ಹ್ಯಾಂಬರ್ಗ್, ಫೆಬ್ರವರಿ 2026

ಪ್ರೀತಿಯ ಅಮ್ಮ,

ಫೋನಿನಲ್ಲಿ ಇಬ್ಬರೂ ಅಳುವುದೇ ಆಗುತ್ತದೆ. ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಸಂಜೆ ಜಗಲಿಯಲ್ಲಿ ಕೂತು ಅಪ್ಪನಿಗೆ ಜೋರಾಗಿ ಓದಿ ಹೇಳು. ಅವರೂ ಕೇಳಲಿ.

ಮೊನ್ನೆ ನೀನು ಮತ್ತೆ ಅದೇ ಮಾತು ಹೇಳಿದೆ. "ಕೊನೆಗೆ ನಾಲ್ಕು ದಿನ ಒಂದು ತುತ್ತೂ ಇಳೀಲಿಲ್ಲ. ಮಾವ ಹಸಿದುಕೊಂಡೇ ಹೋದರು" ಅಂತ. ಗಂಜಿಗೆ ಅಪ್ಪೆಮಿಡಿ ರಸ ಹಾಕಿ ಚಮಚ ಹಿಡಿದರೆ ಬಾಯಿ ಮುಚ್ಚಿಕೊಂಡರು ಅಂದೆ. ಆ ತಟ್ಟೆ ಈಗಲೂ ಕಣ್ಣ ಮುಂದೆ ಬರುತ್ತದೆ ಅಂದೆ. ಅಮ್ಮ, ಇದೊಂದು ಮಾತನ್ನು ನನ್ನಿಂದ ಕೇಳು. ಮಗಳಾಗಿ ಹೇಳಿದರೆ ನಂಬುವುದಿಲ್ಲ. ಹಾಗಾಗಿ ನರ್ಸ್ ಆಗಿ ಹೇಳುತ್ತೇನೆ.

ಈ ವೃದ್ಧಾಶ್ರಮದಲ್ಲಿ ನನಗೆ ಆರು ವರ್ಷ ಆಯಿತು. ಎಷ್ಟು ಜನರ ಕೊನೆಯ ರಾತ್ರಿ ಪಕ್ಕದಲ್ಲಿ ಕೂತಿದ್ದೇನೋ ಲೆಕ್ಕ ಇಟ್ಟಿಲ್ಲ. ಹೆಚ್ಚಿನವರು ಹೋಗುವ ಕೆಲವು ದಿನ ಮೊದಲೇ ಊಟ ಬಿಡುತ್ತಾರೆ. ದೇಹ ತನ್ನ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುತ್ತಾ ಬರುತ್ತದೆ. ಹೊಟ್ಟೆ, ಕರುಳು ನಿಧಾನ ಆಗುತ್ತವೆ. ಮೂತ್ರ ಕಡಿಮೆ ಆಗುತ್ತದೆ. ಕೈಕಾಲಿಗೆ ರಕ್ತ ಹೋಗುವುದು ಕಡಿಮೆಯಾಗಿ ಪಾದ ತಣ್ಣಗಾಗುತ್ತದೆ. ಆಗ ಹಸಿವು ನಮಗೆ ಆಗುವ ಹಾಗೆ ಆಗುವುದಿಲ್ಲ. ಊಟ ಬಿಟ್ಟಿದ್ದರಿಂದ ಅಜ್ಜ ಹೋಗಲಿಲ್ಲ. ಹೊರಟಿದ್ದರು, ಅದಕ್ಕೇ ಊಟ ಬೇಡವಾಯಿತು. ನೀನು ಬಲವಂತ ಮಾಡಿದ್ದರೆ ಗಂಜಿ ಶ್ವಾಸಕೋಶಕ್ಕೆ ಇಳಿದು ಇನ್ನೂ ಕಷ್ಟ ಆಗಬಹುದಿತ್ತು. ನೀನು ಮಾಡಲಿಲ್ಲ. ಸರಿಯಾಗೇ ಮಾಡಿದೆ.

ಬಟ್ಟೆಯ ತುದಿ ತುಳಸಿ ನೀರಿನಲ್ಲಿ ಅದ್ದಿ ತುಟಿ ಒರೆಸುತ್ತಿದ್ದೆಯಲ್ಲ, ನಾವು ಇಲ್ಲಿ ಪುಟ್ಟ ಸ್ಪಂಜಿನಲ್ಲಿ ಮಾಡುವುದು ಅದನ್ನೇ. ಆ ಹೊತ್ತಿನಲ್ಲಿ ಬಾಯಿ ಒಣಗುವುದೇ ಜಾಸ್ತಿ ಕಾಡುವುದು. ಯಾರೂ ಕಲಿಸದೆ ನಿನಗೆ ಅದು ಗೊತ್ತಿತ್ತು.

ಗಂಟಲಿನ ಗೊರಗೊರ ಸದ್ದು ಕೇಳಿ ತಮ್ಮ ಹೆದರಿದ್ದ. ಅವನಿಗೂ ಹೇಳು. ಉಗುಳು ನುಂಗುವ ಶಕ್ತಿ ಹೋದಾಗ ಅದು ಅಲ್ಲೇ ನಿಂತು ಹಾಗೆ ಸದ್ದು ಮಾಡುತ್ತದೆ. ಕೇಳುವವರಿಗೆ ಆಗುವಷ್ಟು ಸಂಕಟ ಆ ಗಾಢ ನಿದ್ದೆಯಲ್ಲಿ ಇರುವವರಿಗೆ ಆಗುವುದಿಲ್ಲ ಅಂತ ನಮಗೆ ಕಲಿಸುತ್ತಾರೆ. ಕಿವಿ ಕೊನೆಯವರೆಗೂ ಕೇಳುತ್ತಿರಬಹುದು ಅಂತಲೂ ಕಲಿಸುತ್ತಾರೆ. ಅದಕ್ಕೇ ಅವತ್ತು ಫೋನನ್ನು ಅಜ್ಜನ ಕಿವಿಗೆ ಹಿಡಿ ಅಂದಿದ್ದು. ನೆಟ್‌ವರ್ಕ್ ಎರಡು ಸಲ ಹೋಯಿತು. ಮೂರನೇ ಸಲ ನಾನು "ಅಜ್ಜಾ, ನಾನು" ಅಂದೆ. ಬೇರೇನೂ ಬಾಯಿಗೆ ಬರಲಿಲ್ಲ.

ಬೆಳಗಿನ ಜಾವ ಹೋದರು, ಮಧ್ಯಾಹ್ನದ ಹೊತ್ತಿಗೆ ಚಿತೆ ಉರಿಯುತ್ತಿತ್ತು. ಎರಡು ವಿಮಾನ ಹಿಡಿದು ಬೆಂಗಳೂರಿಗೆ ಬಂದು, ಅಲ್ಲಿಂದ ಸಾಗರಕ್ಕೆ ಬರಲು ನನಗೆ ಎರಡು ದಿನ ಬೇಕಿತ್ತು. ಕಾಯಬೇಡಿ ಅಂತ ನಾನೇ ಹೇಳಿದ್ದು. ಈಗ ಒಮ್ಮೊಮ್ಮೆ ಯಾಕೆ ಹೇಳಿದೆನೋ ಅನಿಸುತ್ತದೆ. ಇಲ್ಲಿ ಯಾರಾದರೂ ಹೋದರೆ ಒಂದು ವಾರ, ಎರಡು ವಾರ ಆದ ಮೇಲೆ ಮಣ್ಣು ಮಾಡುತ್ತಾರೆ. ಸುಡುವ ಮೊದಲು ಇನ್ನೊಬ್ಬ ಡಾಕ್ಟರು ಮತ್ತೆ ನೋಡಬೇಕು. ದೂರದ ಮಕ್ಕಳು ಬರಲು ಸಮಯ ಸಿಗುತ್ತದೆ. ಆದರೆ ಆ ದಿನಗಳಲ್ಲಿ ಆ ಮನೆಗೆ ಪಕ್ಕದವರು ಅನ್ನ ಸಾರು ತಂದಿದ್ದು ನಾನು ಕಂಡಿಲ್ಲ. ನಮ್ಮಲ್ಲಿ ಅಡಿಕೆ ಕೊನೆ ಕೊಯ್ಲಿನ ಗಡಿಬಿಡಿಯಲ್ಲೂ ಸುಲಿಯುವುದನ್ನು ಅರ್ಧಕ್ಕೆ ಬಿಟ್ಟು ಬಂದರಂತೆ ಎಲ್ಲರೂ. ಮನೆಗೊಂದು ಹೊರೆ ಸೌದೆ ತಂದರಂತೆ. ನಮ್ಮ ಒಲೆ ಹಚ್ಚಲು ಬಿಡಲಿಲ್ಲವಂತೆ. ಅದನ್ನು ಕೇಳಿ ಎಷ್ಟು ಸಮಾಧಾನ ಆಯಿತು ಗೊತ್ತಾ?

ಇಲ್ಲಿನ ಒಂದು ಪದ್ಧತಿ ನನಗೆ ತುಂಬಾ ಇಷ್ಟ. ಉಸಿರು ನಿಂತ ಕೂಡಲೇ ನಾವು ಕೋಣೆಯ ಕಿಟಕಿ ತೆರೆಯುತ್ತೇವೆ. ಜೀವ ಹೊರಗೆ ಹೋಗಲಿ ಅಂತ. ಮೈನಸ್ ಚಳಿ ಇದ್ದರೂ ತೆರೆಯುತ್ತೇವೆ. ದೇವರನ್ನು ನಂಬದ ನರ್ಸುಗಳೂ ತೆರೆಯುತ್ತಾರೆ. ಅಜ್ಜ ಹೋದ ಸುದ್ದಿ ಬಂದಾಗ ಇಲ್ಲಿ ನಡುರಾತ್ರಿ. ನಾನೂ ಎದ್ದು ನನ್ನ ಕೋಣೆಯ ಕಿಟಕಿ ತೆರೆದೆ.

ತಿಥಿಯ ದಿನ ನನಗೆ ಅಳಲು ಒಂದು ಜಾಗ ಬೇಕಿತ್ತು. ಓಲ್ಸ್‌ಡಾರ್ಫ್ ಅಂತ ಇಲ್ಲಿ ಒಂದು ದೊಡ್ಡ ಸ್ಮಶಾನ ಇದೆ. 1877ರಲ್ಲಿ ಶುರುವಾದದ್ದು. ಅಪ್ಪನ ಲೆಕ್ಕದಲ್ಲಿ ಹೇಳಬೇಕೆಂದರೆ ಸುಮಾರು 960 ಎಕರೆ. ಒಳಗೇ ಸಿಟಿ ಬಸ್ಸು ಓಡುತ್ತದೆ. ಮರಗಳು, ಕೆರೆ, ನಡುವೆ ಸಮಾಧಿಗಳು. ಒಂದು ಬೆಂಚಿನ ಮೇಲೆ ಕೂತು, ಟಿಫಿನ್ ಡಬ್ಬಿಯಲ್ಲಿ ತಂದಿದ್ದ ಅನ್ನ ಮೊಸರನ್ನು ಸ್ವಲ್ಪ ಪಕ್ಕಕ್ಕೆ ಇಟ್ಟೆ. ಕಾಗೆ ಬಂತಮ್ಮ. ನಿಜವಾಗಿ ಬಂತು.

ಅಲ್ಲಿನ ಜಾಗ ಸತ್ತವರಿಗೆ ಸ್ವಂತ ಅಲ್ಲ. ಇಲ್ಲೆಲ್ಲ ಸಾಮಾನ್ಯವಾಗಿ 20, 25 ವರ್ಷಕ್ಕೆ ಕೊಡುತ್ತಾರೆ. ಅವಧಿ ಮುಗಿದ ಮೇಲೆ ಕೆಲವು ಬಗೆಯ ಜಾಗಕ್ಕೆ ಮತ್ತೆ ದುಡ್ಡು ಕಟ್ಟಿ ಉಳಿಸಿಕೊಳ್ಳಬಹುದು. ಕಟ್ಟುವವರು ಇಲ್ಲದಿದ್ದರೆ ಕಲ್ಲು ತೆಗೆದು ಬೇರೆಯವರಿಗೆ ಕೊಡುತ್ತಾರೆ. ನಮ್ಮ ವೃದ್ಧಾಶ್ರಮದಲ್ಲಿರುವ ಒಬ್ಬ ಅಜ್ಜಿ ಈ ವಿಷಯ ಹೇಳುತ್ತಾ ಅತ್ತಿದ್ದರು. ಗಂಡನ ಹೆಸರಿನ ಕಲ್ಲು ಈಗ ಇಲ್ಲ.

ಅವರ ಕೈ ಹಿಡಿದುಕೊಂಡು ನಾನು ಅಜ್ಜನ ಮುಳುಗಡೆಯ ಕಥೆ ಹೇಳಿದೆ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದಾಗ ಅಜ್ಜನಿಗೆ 24 ವರ್ಷ. ಮನೆ, ಗದ್ದೆ, ತೋಟ ಎಲ್ಲ ಶರಾವತಿಯ ಹಿನ್ನೀರಿನ ಕೆಳಗೆ ಹೋಯಿತು. ಲಾರಿಯಲ್ಲಿ ಪಾತ್ರೆ, ಬಾಗಿಲು, ದನಕರು ಹೇರಿಕೊಂಡು ಬಂದರು. ನಾಡಿಗೆಲ್ಲ ಆ ನೀರು ಬೆಳಕು ಕೊಟ್ಟಿತು, ನಮ್ಮ ಮನೆಯಲ್ಲಿ ಮಾತ್ರ ಎಷ್ಟೋ ವರ್ಷ ಚಿಮಣಿ ಬುಡ್ಡಿ. ಅಜ್ಜನಿಗೆ ಅದರ ಸಿಟ್ಟು ಕೊನೆಯವರೆಗೂ ಇತ್ತು, ಅಲ್ವಾ? ನ್ಯಾಯವಾದ ಸಿಟ್ಟೇ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಬೇಸಿಗೆ ನೀರು ತುಂಬಾ ಇಳಿದಿತ್ತು. ಅಜ್ಜ ನನ್ನನ್ನೂ ತಮ್ಮನನ್ನೂ ಕರೆದುಕೊಂಡು ಹೋದರು. ಒಡೆದ ಕೆಸರು, ಕಪ್ಪು ಮರದ ಬೊಡ್ಡೆಗಳು. ಚಪ್ಪಲಿ ಬಿಟ್ಟು ನಡೆದರು. ಕೊಡೆಯ ತುದಿಯಿಂದ ತೋರಿಸಿದರು. ಇದು ಕೊಟ್ಟಿಗೆ. ಇದು ಬಾವಿ. ಇಲ್ಲಿ ನಮ್ಮಪ್ಪನ್ನ ಸುಟ್ಟಿದ್ದು. ಅಲ್ಲಿ ಎಲೆ ಅಡಿಕೆ ಇಟ್ಟು ಸುಮ್ನೆ ನಿಂತರು. ನೀವು ಅತ್ತಿರಾ ಅಂತ ತಮ್ಮ ಕೇಳಿದ. "ಎಲ್ಲಾರೂ ಬೂದಿನ ನೀರಿಗೆ ಬಿಡ್ತಾರೆ ಮಗಾ. ಇಲ್ಲಿ ನೀರೇ ಬಂದು ತಗೊಂಡು ಹೋಯ್ತು" ಅಂದರು. ಆಗ ನನಗೆ ಅರ್ಥ ಆಗಿರಲಿಲ್ಲ. ಆ ಅಜ್ಜಿಗೆ ಜರ್ಮನ್ನಿನಲ್ಲಿ ಹೇಳುವಾಗ ನನ್ನ ಗಂಟಲು ಕಟ್ಟಿತು.

ಕೂಡಲಿಯಲ್ಲಿ ಬೂದಿ ಬಿಟ್ಟು ಬಂದೆವು, ಸ್ವಲ್ಪ ಮಡಿಕೆಯಲ್ಲಿ ಉಳಿಸಿ ಹಿತ್ತಲ ಹಲಸಿನ ಮರಕ್ಕೆ ಕಟ್ಟಿದ್ದೇವೆ ಅಂತ ಅಪ್ಪ ಹೇಳಿದರು. ಅಪ್ಪ, ಅದನ್ನು ಹಾಗೇ ಇಡಿ. ಯಾರಾದರೂ ಬೇಗ ಬಿಡಿ ಅಂತ ಹೇಳಿದರೆ ಮಗಳು ಬರಬೇಕು ಅನ್ನಿ. ಮೇ ತಿಂಗಳಿಗೆ ರಜೆ ಕೇಳಿದ್ದೇನೆ, ಒಪ್ಪಿದ್ದಾರೆ. ಅಷ್ಟು ಹೊತ್ತಿಗೆ ಹಿನ್ನೀರು ಇಳಿದಿರುತ್ತದೆ. ಎಲ್ಲರೂ ಸೇರಿ ಹೋಗೋಣ. ಕೊಟ್ಟಿಗೆ ಎಲ್ಲಿ, ಬಾವಿ ಎಲ್ಲಿ ಅಂತ ನನಗೂ ತಮ್ಮನಿಗೂ ನೆನಪಿದೆ.

ಅಮ್ಮ, ಅವತ್ತು ನೀನು ಗಂಜಿ ಮಾಡಿಕೊಂಡು ಬಾ. ಅಪ್ಪೆಮಿಡಿ ರಸ ಹಾಕಿ. ಅಲ್ಲಿ ಎಡೆ ಇಟ್ಟು, ಉಳಿದದ್ದನ್ನು ನಾವು ಅಲ್ಲೇ ಕೂತು ಊಟ ಮಾಡೋಣ.

ನಿಮ್ಮ,
ಮಗಳು