ಶನಿವಾರದ ಕೊನೆಯ ಪೀರಿಯಡ್ ಬಗ್ಗೆ ಪೋಷಕರಿಗೆ ಒಂದು ಪತ್ರ

ಉಡುಪಿ, ಜುಲೈ ಮೊದಲ ವಾರ

ಪ್ರೀತಿಯ ಪೋಷಕರೇ,

ನಮಸ್ಕಾರ. ಕಳೆದ ಶನಿವಾರ ಕೊನೆಯ ಪೀರಿಯಡ್‌ನಲ್ಲಿ ತಮಗೆ ಬೇಕಾದ ಆಟ ಆಡಿ, ನಾಲ್ಕರಿಂದ ಏಳನೇ ತರಗತಿವರೆಗಿನ ಮಕ್ಕಳು ಮೈಯೆಲ್ಲ ಕೆಸರು ಮಾಡಿಕೊಂಡು ಮನೆಗೆ ಬಂದದ್ದು, ಒಬ್ಬ ಹುಡುಗನ ಮೊಣಕಾಲು ತರಚಿದ್ದು, ಎರಡು ಜೊತೆ ಚಪ್ಪಲಿ ಕಾಣೆಯಾದದ್ದು ನಿಮಗೆಲ್ಲ ಗೊತ್ತೇ ಇದೆ. ಆಮೇಲೆ ನನಗೆ ಐದು ದೂರು ಬಂದವು. ಮೂರು ಬರೆದದ್ದು, ಒಂದು ಫೋನಿನಲ್ಲಿ, ಒಂದು ನನ್ನ ಕೋಣೆಗೇ ಬಂದು. ಒಬ್ಬೊಬ್ಬರಿಗೆ ಉತ್ತರ ಕೊಡುವ ಬದಲು ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ಚಪ್ಪಲಿ ಸಿಕ್ಕಿವೆ. ಆಫೀಸಿನಲ್ಲಿ ಇಟ್ಟಿದ್ದೇವೆ, ಬಂದು ಕೊಂಡುಹೋಗಿ.

ಮೊದಲು ನಮ್ಮ ತಪ್ಪು. ಹುಡುಗ ಬಿದ್ದ ವಿಷಯ ಅವನ ಅಮ್ಮನಿಗೆ ನಾವು ಫೋನ್ ಮಾಡಿ ಹೇಳುವ ಮೊದಲೇ ಫೋಟೋ ವಾಟ್ಸಾಪ್ ಗ್ರೂಪಿಗೆ ಹೋಗಿತ್ತು. ಮಗ ನೆಲದಲ್ಲಿ ಕೂತು ಅಳುವ ಫೋಟೋ ನೋಡಿದರೆ ಯಾವ ಅಮ್ಮನಿಗಾದರೂ ಜೀವ ಬಾಯಿಗೆ ಬರುತ್ತದೆ. ಅವರ ಹತ್ತಿರ ಕ್ಷಮೆ ಕೇಳಿದ್ದೇನೆ, ಇಲ್ಲಿ ಇನ್ನೊಮ್ಮೆ ಕೇಳುತ್ತೇನೆ. ಇನ್ನು ಮೇಲೆ ಶನಿವಾರದ ಆ ಪೀರಿಯಡ್‌ನಲ್ಲಿ ಯಾವ ಟೀಚರೂ ಫೋಟೋ ತೆಗೆಯುವುದಿಲ್ಲ. ಫೋಟೋ ಹಾಕಿ ಎಂದು ಕೇಳುವ ಪೋಷಕರೂ ಇದ್ದಾರೆ. ಅವರಿಗೂ ಇದೇ ಉತ್ತರ.

ಗಾಯ ದೊಡ್ಡದಲ್ಲ. ಅಡಿಕೆ ಹಾಳೆಯಲ್ಲಿ ಅವನನ್ನು ಕೂರಿಸಿ ಇಬ್ಬರು ಎಳೆಯುತ್ತಿದ್ದರು. ತಿರುಗುವಲ್ಲಿ ಹಾಳೆ ಮಗುಚಿತು, ಮೊಣಕಾಲು ಮುರಕಲ್ಲಿಗೆ ಉಜ್ಜಿತು. ತೊಳೆದು ಮದ್ದು ಹಾಕಿದೆವು. ಸೋಮವಾರ ಅವನು ಬ್ಯಾಂಡೇಜನ್ನು ಎಲ್ಲರಿಗೂ ತೋರಿಸಿಕೊಂಡು ತಿರುಗುತ್ತಿದ್ದ.

ಇನ್ನು ಮುಖ್ಯ ವಿಷಯ. ಆ 45 ನಿಮಿಷ ‘ಸುಮ್ನೆ ಆಟ’ ಯಾಕೆ, ಒಬ್ಬ ಕೋಚ್ ಇಟ್ಟು ಏನಾದರೂ ಕಲಿಸಬಾರದಾ ಎಂದು ಮೂರು ದೂರುಗಳಲ್ಲಿ ಕೇಳಿದ್ದೀರಿ. ಕೇಳಿದ್ದು ತಪ್ಪಲ್ಲ. ಆದರೆ ಇದರಲ್ಲಿ ಮಾತ್ರ ನಾನು ಸ್ವಲ್ಪ ಹಟಮಾರಿ.

ಜೂನ್‌ನಲ್ಲಿ ಇದನ್ನು ಶುರು ಮಾಡಿದ ಮೊದಲ ಶನಿವಾರ ಏನಾಯಿತು ಹೇಳುತ್ತೇನೆ. ಮಕ್ಕಳನ್ನು ಗ್ರೌಂಡಿಗೆ ಬಿಟ್ಟೆವು, ಆಡಿ ಎಂದೆವು. ಎಲ್ಲರೂ ನಿಂತೇ ಇದ್ದರು. ಐದನೇ ತರಗತಿಯ ಹುಡುಗಿ ನನ್ನ ಹತ್ತಿರ ಬಂದು, “ಎಂತ ಆಡುದು ಟೀಚರ್?” ಎಂದು ಕೇಳಿದಳು. ನಿನಗೆ ಬೇಕಾದ್ದು ಆಡು ಎಂದೆ. ಅವಳು ಹೋಗಿ ಗೆಳತಿಯರಿಗೆ ಏನೋ ಹೇಳಿದಳು, ಮತ್ತೆ ವಾಪಸ್ ಬಂದಳು. “ಬೇಕಾದ್ದು ಅಂದ್ರೆ ಎಂತ?” ಕರಾಟೆಯಲ್ಲಿ ಹಳದಿ ಬೆಲ್ಟ್ ಇರುವ, ಅಬಾಕಸ್ ಕಲಿತ, ಭರತನಾಟ್ಯದ ಜೂನಿಯರ್ ಪರೀಕ್ಷೆಗೆ ತಯಾರಾಗುತ್ತಿರುವ ಮಗು ಅದು. ಜಾಣೆ. ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಮೂರನೇ ಶನಿವಾರ ಅದೇ ಹುಡುಗಿ ಮಳೆನೀರು ಹರಿಯುವ ತೋಡಿಗೆ ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುತ್ತಿದ್ದಳು. ಕೈಕೆಳಗೆ ಆರು ಜನ. ಕಟ್ಟ ಒಡೆಯಿತು, ಜಗಳ ಆಯಿತು, ಇಬ್ಬರು ಮುನಿಸಿಕೊಂಡು ಮೆಟ್ಟಿಲಲ್ಲಿ ಕೂತರು. ನಮ್ಮ ಪಿಟಿ ಮೇಷ್ಟ್ರು ಎದ್ದು ಹೋಗಲು ನೋಡಿದರು, ನಾನು ಬೇಡ ಎಂದೆ. ಬೆಲ್ ಆಗುವ ಹೊತ್ತಿಗೆ ಮುನಿಸಿಕೊಂಡವರೇ ಕಲ್ಲು ಹೊತ್ತು ತರುತ್ತಿದ್ದರು. ಕೋಚ್ ಇಟ್ಟರೆ ಮೊದಲನೇ ನಿಮಿಷವೇ ಸೀಟಿ ಊದುತ್ತಾರೆ. ಅದು ಅವರ ಕೆಲಸ. ನಮ್ಮಲ್ಲಿ ಫುಟ್‌ಬಾಲ್ ಕೋಚಿಂಗ್ ಇದೆ, ಮುಂದೆಯೂ ಇರುತ್ತದೆ, ಅದನ್ನು ಯಾರೂ ನಿಲ್ಲಿಸುತ್ತಿಲ್ಲ. ಈ 45 ನಿಮಿಷ ಬೇರೆ. ಇದರಲ್ಲಿ ಸೀಟಿ ಇಲ್ಲ, ಸರ್ಟಿಫಿಕೇಟ್ ಇಲ್ಲ. ಇಬ್ಬರು ಟೀಚರು ಪೂರ್ತಿ ಹೊತ್ತು ಅಲ್ಲೇ ಇರುತ್ತಾರೆ, ನೋಡುತ್ತಾರೆ, ಅಪಾಯ ಕಂಡರೆ ಮಾತ್ರ ಎದ್ದು ಹೋಗುತ್ತಾರೆ. ‘ಸುಮ್ನೆ ಬಿಟ್ಟಿದ್ದಾರೆ’ ಎಂದು ಒಬ್ಬರು ಬರೆದಿದ್ದೀರಿ. ಬಿಟ್ಟಿದ್ದೇವೆ, ನಿಜ. ಕಣ್ಣು ಮುಚ್ಚಿಕೊಂಡಿಲ್ಲ.

ಇನ್ನೊಂದು ಮಾತು ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ಕಳೆದ ಶನಿವಾರದ ಹಿಂದಿನ ಭಾನುವಾರ ಇದೇ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ‘ನಮ್ಮ ಬಾಲ್ಯ’ ಎಂಬ ಫಾರ್ವರ್ಡ್ ಹಾಕಿದ್ದರು. ಲಗೋರಿ, ಕುಟ್ಟಿದೊಣ್ಣೆ, ಕಲ್ಲು ಹೊಡೆದು ಉದುರಿಸಿದ ಕಾಟುಮಾವು, ನೇರಳೆ ತಿಂದು ನೀಲಿಯಾದ ನಾಲಿಗೆ, ಸುಟ್ಟ ಗೇರುಬೀಜ. ಸಾಲುಸಾಲು ಹಾರ್ಟ್ ಬಿದ್ದವು. ಒಂದು ನನ್ನದೂ ಇತ್ತು. ಈಗಿನ ಮಕ್ಕಳಿಗೆ ಇದೆಲ್ಲ ಎಲ್ಲಿ ಉಂಟು ಎಂದು ಹಲವರು ಬರೆದಿರಿ. ಶನಿವಾರ ಅದೇ ಗ್ರೂಪಿನಲ್ಲಿ, ಯೂನಿಫಾರ್ಮಿನ ಕೆಸರು ಹೋಗುವುದಿಲ್ಲ, ಯಾರು ತೊಳೆಯುವುದು ಎಂಬ ಮೆಸೇಜ್ ಬಂತು. ನಾನು ಆ ಫಾರ್ವರ್ಡನ್ನು ಮತ್ತೊಮ್ಮೆ ತೆಗೆದು ಓದಿದೆ. ಅದರಲ್ಲಿ ಮರ ಇತ್ತು, ತೋಡು ಇತ್ತು, ಗೆಳೆಯರು ಇದ್ದರು. ಅಪ್ಪ, ಅಮ್ಮ, ಮೇಷ್ಟ್ರು ಒಂದು ಸಾಲಿನಲ್ಲೂ ಇರಲಿಲ್ಲ. ನೀವು ಗಮನಿಸಿದಿರಾ?

ಹಾಗೆಂದು ನಮ್ಮ ಕಾಲವೇ ಚಿನ್ನ ಎಂದು ನಾನು ಹೇಳಲಾರೆ. 1981ರಲ್ಲಿ ನಾನು ಐದನೇ ಕ್ಲಾಸು, ಪೆರ್ಡೂರಿನ ಹತ್ತಿರ. ಮಳೆಗೆ ರಜೆ ಕೊಟ್ಟ ನೆನಪೇ ನನಗಿಲ್ಲ. ಆಗ ಉಡುಪಿ ಬೇರೆ ಜಿಲ್ಲೆಯೂ ಅಲ್ಲ, ಅದು ಆದದ್ದು 1997ರಲ್ಲಿ. ಈಗ ಮಳೆಗೆ ರಜೆ ಕೊಡುವ ಜಿಲ್ಲಾಧಿಕಾರಿ ಎಂಬವರು ಆಗ ಮಂಗಳೂರಿನಲ್ಲಿ ಇರುತ್ತಾರೆ ಎಂದಷ್ಟೇ ಗೊತ್ತಿತ್ತು. ಶಾಲೆಗೆ ಹೋಗುವಾಗ ಅಡಿಕೆ ಮರದ ಕಾಲುಸಂಕ ದಾಟಬೇಕು, ಕೆಳಗೆ ಕೆಂಪು ನೀರು. ಇವತ್ತು ನನ್ನ ಮಕ್ಕಳನ್ನು ಅಂಥ ಸಂಕದ ಮೇಲೆ ನಾನು ಕಳಿಸುವುದಿಲ್ಲ. ಸಂಜೆ ಮನೆಗೆ ಬಂದರೆ ತಮ್ಮಂದಿರು ಗದ್ದೆಗೆ ಓಡುತ್ತಿದ್ದರು, ನಾನು ಅಮ್ಮನ ಪಕ್ಕ ಕೂತು ಬೀಡಿ ಎಲೆ ಕತ್ತರಿಸುತ್ತಿದ್ದೆ. ಶನಿವಾರ ಬೀಡಿ ಬ್ರಾಂಚಿಗೆ ಕೊಟ್ಟು ಬಂದ ಮೇಲೆ ಮಾತ್ರ ಆಟ. ಮಳೆಗಾಲದ ಆಟಿ ತಿಂಗಳಲ್ಲಿ ಚೆನ್ನೆಮಣೆ, ಅಂದರೆ ಗುಳಿಗಳಿಗೆ ಕಾಯಿ ಹಾಕಿ ಆಡುವ ಮರದ ಮಣೆ, ಇಳಿಸುತ್ತಿದ್ದರು. ಅಕ್ಕ ತಂಗಿ ಎದುರುಬದುರು ಕೂತು ಚೆನ್ನೆ ಆಡಬಾರದು ಎಂದು ಅಜ್ಜಿ, ಚೆನ್ನೆ ಆಡುತ್ತಾ ಜಗಳವಾಗಿ ಸತ್ತ ಅಕ್ಕತಂಗಿಯರಾದ ಅಬ್ಬಗ ದಾರಗರ ಕಥೆ ಹೇಳಿ ಹೆದರಿಸುತ್ತಿದ್ದರು. ನಾವು ಆಡಿದೆವು. ಜಗಳವೂ ಆಯಿತು. ನಾನು ನೆನಪಿಟ್ಟುಕೊಂಡಿರುವುದು ಆ ಒಂದೆರಡು ಗಂಟೆಗಳನ್ನು. ಎಲೆ ಕತ್ತರಿಸಿದ ಸಂಜೆಗಳು ಯಾರ ಫಾರ್ವರ್ಡಿನಲ್ಲೂ ಬರುವುದಿಲ್ಲ.

ನಿಮ್ಮ ಕಷ್ಟವೂ ನನಗೆ ಅರ್ಥವಾಗುತ್ತದೆ. ಮನೆ ಮೂರನೇ ಮಾಳಿಗೆಯಲ್ಲಿ, ಇಬ್ಬರಿಗೂ ಕೆಲಸ, ಎದುರಿಗೆ ಹೆದ್ದಾರಿ 66. ಮಗುವನ್ನು ಒಬ್ಬನೇ ಆಡಲು ಎಲ್ಲಿಗೆ ಕಳಿಸುತ್ತೀರಿ? ಕಳಿಸಬೇಡಿ. ಅದಕ್ಕೇ ಹೇಳುತ್ತಿದ್ದೇನೆ, ಕಂಪೌಂಡ್ ಇರುವ, ಗೇಟಿಗೆ ಕಾವಲಿರುವ, ಒಂದಿಷ್ಟು ಮಣ್ಣು ಉಳಿದಿರುವ ಜಾಗ ಈಗ ಶಾಲೆ ಮಾತ್ರ. ಈ ವಯಸ್ಸಿನ ಮಕ್ಕಳಿಗೆ ದಿನಕ್ಕೆ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾವು ಈ ಪೀರಿಯಡ್‌ನಲ್ಲಿ ಕೊಡುತ್ತಿರುವುದು ವಾರಕ್ಕೆ 45. ಪಾಠ ಹಿಂದೆ ಬೀಳುತ್ತದೆ ಎನ್ನುವವರಿಗೆ ಇಷ್ಟೇ: ಬೀಳುವುದಿಲ್ಲ, ಆ ಪೀರಿಯಡ್ ಮೊದಲು ಲೈಬ್ರರಿಗೆ ಇತ್ತು. ಲೈಬ್ರರಿ ಬುಧವಾರಕ್ಕೆ ಹೋಗಿದೆ.

ನನ್ನ ಕೋಣೆಗೆ ಬಂದ ತಂದೆಯವರು ಇಲಿಜ್ವರದ ಬಗ್ಗೆ ಕೇಳಿದರು. ಐದು ದೂರುಗಳಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ್ದು ಅದೇ. ನಮ್ಮ ಕಡೆ ಮಳೆಗಾಲದಲ್ಲಿ ಇಲಿಜ್ವರ ಇದೆ. ಇಲಿಯ ಮೂತ್ರ ಸೇರಿದ ನೀರು ಗಾಯದ ಮೂಲಕ ಮೈಗೆ ತಾಗಿದರೆ ಬರುತ್ತದೆ. ಆದ್ದರಿಂದ ನಿಂತ ನೀರಿನ ಕಡೆ, ಬಿಸಿಯೂಟದ ಕೋಣೆಯ ಹಿಂದಿನ ತೋಡಿನ ಕಡೆ ಹಗ್ಗ ಕಟ್ಟಿಸಿದ್ದೇನೆ. ಕಾಲಿನಲ್ಲಿ ಗಾಯ ಇರುವ ಮಕ್ಕಳು ಕೆಸರಿಗೆ ಇಳಿಯುವಂತಿಲ್ಲ. ಅವರು ಜಗಲಿಯಲ್ಲಿ ಚೆನ್ನೆಮಣೆ ಆಡಲಿ, ಎರಡು ಮಣೆ ತರಿಸಿದ್ದೇವೆ, ಅದಕ್ಕೆ ಹಾಕುವ ಮಂಜೊಟ್ಟಿ ಕಾಯಿಯೂ ಸಿಕ್ಕಿದೆ. ಆಟ ಮುಗಿದ ಮೇಲೆ ಸೋಪು ಹಾಕಿ ಕೈಕಾಲು ತೊಳೆಯದೆ ಯಾರೂ ಬಸ್ ಹತ್ತುವುದಿಲ್ಲ. ಆಡಿದ ಮೇಲೆ ಜ್ವರ ಬಂದರೆ ಡಾಕ್ಟರ ಹತ್ತಿರ ಮಗು ಕೆಸರಿನಲ್ಲಿ ಆಡಿತ್ತು ಎಂದು ಮರೆಯದೆ ಹೇಳಿ. ಗುಡುಗು ಸಿಡಿಲು ಇದ್ದರೆ ಹೊರಗೆ ಬಿಡುವುದೇ ಇಲ್ಲ. ಇದೆಲ್ಲ ಮೊದಲೇ ಮಾಡಬೇಕಿತ್ತು, ಅಲ್ವಾ? ಮಾಡಬೇಕಿತ್ತು. ಆ ತಂದೆಯವರಿಗೆ ಥ್ಯಾಂಕ್ಸ್.

ಇಷ್ಟಾದ ಮೇಲೂ ನನ್ನ ಮಗು ಬೇಡ ಎಂದರೆ ಒಂದು ಚೀಟಿ ಬರೆದು ಕಳಿಸಿ, ಲೈಬ್ರರಿಯಲ್ಲಿ ಕೂರಿಸುತ್ತೇವೆ. ಯಾರೂ ಏನೂ ಅನ್ನುವುದಿಲ್ಲ. ಆದರೆ ಆ ಚೀಟಿಯನ್ನು ಮಗುವಿಗೆ ಓದಿ ಹೇಳಿ, ಆಮೇಲೆ ಸಹಿ ಹಾಕಿ.

ಉಳಿದವರು ಶನಿವಾರ ಬ್ಯಾಗಿನಲ್ಲಿ ಒಂದು ಜೊತೆ ಹಳೇ ಬಟ್ಟೆ, ಒಂದು ಬೈರಾಸು (ಟವೆಲ್) ಹಾಕಿ ಕಳಿಸಿ.

ವಿಶ್ವಾಸದಿಂದ,
ಮುಖ್ಯೋಪಾಧ್ಯಾಯಿನಿ

ತಾ.ಕ.: ನಮ್ಮ ಆಯಾ ತಂದಿದ್ದ ಎರಡು ಹಾಳೆಗಳೂ ಹರಿದಿವೆ. ಈಗ ಹಾಳೆಯೆಲ್ಲ ತಟ್ಟೆ ಮಾಡುವವರ ಪಾಲು, ಕೇಳಿದರೂ ಸಿಗುವುದಿಲ್ಲ. ಯಾರ ತೋಟದಲ್ಲಾದರೂ ದಪ್ಪನೆಯದು ಇದ್ದರೆ ಶುಕ್ರವಾರದೊಳಗೆ ಗೇಟಿನಲ್ಲಿ ಕೊಡಿ.