ಹಳೇ ಪೇಟೆಗೆ ಮೊದಲು ಪೈಪು, ಆಮೇಲೆ ಟೈಲ್ಸು

ಮಾನ್ಯರೇ,

ದಾವಣಗೆರೆಯ ಹಳೇ ಪೇಟೆಗಳಿಗೆ ಮತ್ತೆ ಕಳೆ ತರಬೇಕು ಎಂಬ ಮಾತು ಬಂದಾಗಲೆಲ್ಲ ಅಲಂಕಾರದ ದೀಪದ ಕಂಬ, ಬಣ್ಣದ ಟೈಲ್ಸುಗಳೇ ಮುಂದೆ ಬರುತ್ತವೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲೇ ನಮ್ಮೂರಿನ ಹೆಸರಿತ್ತು. ಆ ಯೋಜನೆ 2025ರ ಮಾರ್ಚ್‌ಗೆ ಮುಗಿದಿದೆ. ಇನ್ನು ಮಂಡಿಪೇಟೆ, ಚೌಕಿಪೇಟೆ, ಕಾಳಿಕಾದೇವಿ ರಸ್ತೆಗಳಲ್ಲಿ ಏನು ಮಾಡುವುದಿದ್ದರೂ ಪಾಲಿಕೆ ಒಂದೊಂದು ರೂಪಾಯಿಯನ್ನೂ ಎಣಿಸಿ ಖರ್ಚು ಮಾಡಬೇಕು. ನೆಲದಡಿಯ ಕೆಲಸ ಪೂರ್ತಿ ಮುಗಿಯುವವರೆಗೆ ಮೇಲೆ ಒಂದು ಕಲ್ಲನ್ನೂ ಹಾಸಬಾರದು ಎಂಬುದು ನಮ್ಮ ಒತ್ತಾಯ.

ಟೆಂಡರ್ ಕರೆಯುವ ಮೊದಲೇ 50 ಮೀಟರಿಗೊಂದು ಅಡ್ಡಗುಂಡಿ ತೆಗೆದು ಯಾವ ಪೈಪು, ಯಾವ ಕೇಬಲ್ ಎಷ್ಟು ಆಳದಲ್ಲಿದೆ ಎಂದು ನೋಡಿಕೊಳ್ಳಬೇಕು. ಹಳೇ ನಕ್ಷೆ ನಂಬಿ ಜೆಸಿಬಿ ಇಳಿಸಿದರೆ ಪೈಪು ಒಡೆಯುವುದು ಖಂಡಿತ. ಎಲ್ಲಕ್ಕಿಂತ ಆಳದಲ್ಲಿ ಒಳಚರಂಡಿ ಬರಬೇಕು. ಅದಕ್ಕೂ ಕುಡಿಯುವ ನೀರಿನ ಪೈಪಿಗೂ ನಡುವೆ 3 ಮೀಟರ್ ಅಂತರ ಬೇಕು. ಪೇಟೆಯ ಇಕ್ಕಟ್ಟಿನಲ್ಲಿ ಅಷ್ಟು ಸಿಗದಿದ್ದರೆ ನೀರಿನ ಪೈಪಿನ ತಳ ಒಳಚರಂಡಿ ಪೈಪಿನ ನೆತ್ತಿಗಿಂತ ಕನಿಷ್ಠ ಅರ್ಧ ಮೀಟರ್ ಮೇಲಿರಬೇಕು. ಇದನ್ನು ಕಡೆಗಣಿಸಿದರೆ, ನೀರು ಬಿಡದ ಹೊತ್ತಿನಲ್ಲಿ ಖಾಲಿಯಾದ ಪೈಪು ಸಣ್ಣ ಬಿರುಕಿನಿಂದಲೇ ಸುತ್ತಲಿನ ಕೊಳಚೆಯನ್ನು ಒಳಗೆಳೆದುಕೊಳ್ಳುತ್ತದೆ. ವಾಂತಿಭೇದಿ ಹರಡುವುದು ಹೀಗೆಯೇ. ಪ್ರತಿ ಅಂಗಡಿಯ ಗೋಡೆಯವರೆಗೂ ಸಂಪರ್ಕ ಎಳೆದು ಮುಚ್ಚಳ ಹಾಕಿಡಬೇಕು. ಫುಟ್‌ಪಾತ್ ಕೆಳಗೆ ಕೇಬಲ್ ಕೊಳವೆಗಳ ಜೊತೆ ಕನಿಷ್ಠ ಎರಡು ಖಾಲಿ ಕೊಳವೆಗಳನ್ನೂ ಹೂಳಬೇಕು. ಇಲ್ಲದಿದ್ದರೆ ಹೊಸ ರಸ್ತೆಯನ್ನು ವರ್ಷದೊಳಗೇ ಯಾರೋ ಅಗೆಯುತ್ತಾರೆ.

ಗುಂಡಿ ಮುಚ್ಚುವಾಗಲೂ ಅವಸರ ಸಲ್ಲದು. 20ರಿಂದ 30 ಸೆಂಟಿಮೀಟರಿನ ಪದರಗಳಲ್ಲಿ ಮಣ್ಣು ತುಂಬಿ, ನೀರು ಹಾಕಿ, ಯಂತ್ರದಿಂದ ದಮ್ಮಸು ಮಾಡಬೇಕು. ಒಂದೇ ಸಲ ಮಣ್ಣು ಸುರಿದು ಕಾಂಕ್ರೀಟ್ ಹಾಕಿದರೆ ಮೊದಲ ಮಳೆಗಾಲಕ್ಕೇ ಮಣ್ಣು ಕುಸಿದು ಕಾಂಕ್ರೀಟ್ ಬಿರುಕು ಬಿಡುತ್ತದೆ. ಹಳೇ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ 20 ಸೆಂಟಿಮೀಟರ್ ಕಾಂಕ್ರೀಟ್ ಹಾಕುವುದಂತೂ ಇನ್ನೂ ಕೆಟ್ಟದ್ದು. ರಸ್ತೆ ಮೇಲೇರಿ, ಅಂಗಡಿಯ ಹೊಸ್ತಿಲು ಕೆಳಗುಳಿಯುತ್ತದೆ. ಜೋರು ಮಳೆ ಬಂದ ದಿನ ನೀರು ನೇರ ಒಳನುಗ್ಗಿ, ಗೋಡೆಗೆ ಒರಗಿಸಿಟ್ಟ ಅಕ್ಕಿ ಚೀಲಗಳ ಕೆಳಸಾಲು ಪೂರ್ತಿ ನೆನೆಯುತ್ತದೆ. ಹೊಸ ರಸ್ತೆಯ ಮಟ್ಟವನ್ನು ಅಂಗಡಿಗಳ ಹೊಸ್ತಿಲಿನಿಂದ ಕೆಳಕ್ಕೆ ಅಳೆದು ನಿಗದಿ ಮಾಡಬೇಕು.

ಇನ್ನು ಊರು ಬೆಳೆಯುವ ಲೆಕ್ಕ. 2011ರ ಜನಗಣತಿಯ ಸುಮಾರು 4.35 ಲಕ್ಷವನ್ನೇ ಹಿಡಿದು ಪೈಪಿನ ಗಾತ್ರ ಗೊತ್ತು ಮಾಡಬಾರದು. ಬೆಸ್ಕಾಂ ಮೀಟರುಗಳನ್ನೂ ಆಸ್ತಿ ತೆರಿಗೆ ಖಾತೆಗಳನ್ನೂ ವಾರ್ಡುವಾರು ಎಣಿಸಿದರೆ ಇಂದಿನ ಸ್ಥಿತಿ ತಿಳಿಯುತ್ತದೆ. ಪೈಪುಗಳನ್ನು ಅಲ್ಲಿಂದ ಮುಂದಿನ 30 ವರ್ಷಕ್ಕೆ ಲೆಕ್ಕ ಹಾಕಬೇಕು. ಸಾವಿರ ಸೈಟುಗಳ ಒಂದು ಬಡಾವಣೆಯನ್ನೇ ನೋಡಿ. ಸೈಟಿಗೊಂದು ಮನೆ, ಮನೆಗೆ ಐವರು, ತಲೆಗೆ ದಿನಕ್ಕೆ 135 ಲೀಟರ್ ನೀರು. ಅದರಲ್ಲಿ ಶೇ 80 ಚರಂಡಿಗೆ ಬಂದರೆ ದಿನಕ್ಕೆ 5.4 ಲಕ್ಷ ಲೀಟರ್. ಬೆಳಗಿನ ಹೊತ್ತು ಹರಿವು ಸರಾಸರಿಯ ಮೂರು ಪಟ್ಟಾಗುವುದರಿಂದ ಸೆಕೆಂಡಿಗೆ ಸುಮಾರು 19 ಲೀಟರ್. 200 ಮೀಟರಿಗೆ 1 ಮೀಟರ್ ಇಳಿಯುವಂತೆ ಹಾಕಿದ 200 ಮಿ.ಮೀ. ಪೈಪಿನ ಸಾಮರ್ಥ್ಯವೇ ಸೆಕೆಂಡಿಗೆ ಸುಮಾರು 23 ಲೀಟರ್. ಅಂದರೆ ಒಂದೇ ಬಡಾವಣೆ ಆ ಪೈಪನ್ನು ಬಹುಪಾಲು ತುಂಬಿಬಿಡುತ್ತದೆ. ಸೈಟಿಗೆ ಒಂದರ ಬದಲು ಮೂರು ಬಾಡಿಗೆ ಮನೆ ಎದ್ದರೆ, ಇಳಿಜಾರಿನ ಕೆಳಗಿರುವ ಹಳೇ ಪೇಟೆಯ ಮ್ಯಾನ್‌ಹೋಲ್‌ಗಳಿಂದ ಕೊಳಚೆ ಉಕ್ಕುತ್ತದೆ. ದೂಡಾ (ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ) ಯಾವುದೇ ಬಡಾವಣೆಗೆ ಒಪ್ಪಿಗೆ ಕೊಡುವ ಮೊದಲು, ಅದರ ಕೊಳಚೆ ಸಾಗುವ ದಾರಿಯುದ್ದಕ್ಕೂ ಪೈಪಿನ ಸಾಮರ್ಥ್ಯ ಪರೀಕ್ಷಿಸಲಿ. ಸಾಲದಿದ್ದರೆ ಹೊಸ ಪೈಪಿನ ಖರ್ಚನ್ನು ಬಡಾವಣೆ ಮಾಡುವವರೇ ಭರಿಸಲಿ.

ಪೇಟೆಯ ವ್ಯಾಪಾರಿಗಳಿಗೆ ದೊಡ್ಡ ಹೆದರಿಕೆ ಕಾಮಗಾರಿಯದ್ದೇ, ಅದು ನ್ಯಾಯವೂ ಹೌದು. ಇಡೀ ರಸ್ತೆಯನ್ನು ಒಮ್ಮೆಲೇ ಅಗೆದು ತಿಂಗಳುಗಟ್ಟಲೆ ಬಿಟ್ಟರೆ ಗಿರಾಕಿ ಬೇರೆ ಅಂಗಡಿ ಹುಡುಕಿಕೊಳ್ಳುತ್ತಾನೆ, ಮತ್ತೆ ಬರುವುದು ಕಷ್ಟ. ನೂರು ಮೀಟರ್ ಮುಗಿಸಿಯೇ ಮುಂದಿನ ನೂರಕ್ಕೆ ಹೋಗಬೇಕು. ಪ್ರತಿ ಅಂಗಡಿಗೂ ಹಮಾಲರು ಚೀಲ ಹೊತ್ತು ದಾಟುವಷ್ಟು ಗಟ್ಟಿಯಾದ ಹಲಗೆ ಹಾಕಿಕೊಡಬೇಕು. ಮಳೆಗಾಲ ಕಳೆದ ಮೇಲೆ ಕೆಲಸ ಹಿಡಿದರೂ ದೀಪಾವಳಿ ವ್ಯಾಪಾರದ ವಾರಗಳಲ್ಲಿ ಅಗೆಯಬಾರದು. ಲಾರಿಗಳ ಲೋಡಿಂಗ್ ರಾತ್ರಿ ಮತ್ತು ಬೆಳಗಿನ ಜಾವಕ್ಕೆ ಸೀಮಿತವಾಗಲಿ.

ಫುಟ್‌ಪಾತ್‌ನಲ್ಲಿ ಯಾವ ಅಡ್ಡಿಯೂ ಇಲ್ಲದ ಅಗಲ ಕನಿಷ್ಠ 1.8 ಮೀಟರ್, ಎತ್ತರ 150 ಮಿ.ಮೀ. ಮೀರಬಾರದು; ಮೀರಿದರೆ ವಯಸ್ಸಾದವರು ರಸ್ತೆಯಲ್ಲೇ ನಡೆಯುತ್ತಾರೆ. ತಳ್ಳುಗಾಡಿಯವರನ್ನು ಎಬ್ಬಿಸುವುದು ಪರಿಹಾರವಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ಅವರ ಪ್ರತಿನಿಧಿಗಳೇ ಇರಬೇಕು. ನಕ್ಷೆ ಬರೆಯುವಾಗಲೇ ಆ ಸಮಿತಿಯನ್ನು ಕೂರಿಸಿಕೊಂಡು ಜಾಗ ಗುರುತಿಸಿ.

ಕೊನೆಯದಾಗಿ, ಹೂಳಿದ ಪ್ರತಿ ಪೈಪು, ವಾಲ್ವು, ಚೇಂಬರಿನ ಆಳ ಮತ್ತು ಜಾಗ ತೋರಿಸುವ ನಕ್ಷೆಯನ್ನು ಪಾಲಿಕೆಗೆ ಒಪ್ಪಿಸುವವರೆಗೆ ಗುತ್ತಿಗೆದಾರರ ಅಂತಿಮ ಬಿಲ್ ಪಾವತಿಸಬಾರದು ಎಂಬ ಷರತ್ತು ಟೆಂಡರಿನಲ್ಲೇ ಇರಲಿ.

– ಮೂಲಸೌಕರ್ಯ ಕಾಮಗಾರಿಗಳ ಎಂಜಿನಿಯರುಗಳು, ದಾವಣಗೆರೆ